ಹೋ ಅಂದರೆ ಬಾ

ನನ್ನ ತಂಗಿ ಶೀತಲಳಿಗೆ ಒಲ್ಲೆ ಅನ್ನುವುದು ಬರುತ್ತಿರಲಿಲ್ಲ. ಇದನ್ನು ಊರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು ನಾನೇ. "ನಮ್ಮ ಶೀತಲ ಯಾವ ಕೆಲಸಕ್ಕೂ ಒಲ್ಲೆ ಅನ್ನಂಗಿಲ್ಲ ನೋಡ್ರಿ" ಎಂದು ನನ್ನ ಶಾಲೆಯ ಮಾಸ್ತರರ ಕೋಣೆಯಲ್ಲಿ ಎದೆಯುಬ್ಬಿಸಿ ಹೇಳಿದ್ದು ಇನ್ನೂ ನೆನಪಿದೆ. ಈಗ ಯಾರಾದರೂ ತಮ್ಮ ಮಕ್ಕಳ ಬಗ್ಗೆ ನನ್ನೆದುರು ಹೀಗೆ ಹೊಗಳಿಕೊಂಡರೆ ಅಲ್ಲಿಂದ ಎದ್ದು ಹೋಗುತ್ತೇನೆ. ಉಮಾಕಾಂತ ಮಾಸ್ತರ ಸಿಡುಕನಾಗಿದ್ದಾನೆ ಎಂದು ಜನ ಆಡಿಕೊಳ್ಳುವುದು ಸುಳ್ಳಲ್ಲ.

ನಾನು ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾದ ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ಊರು ಗುಂಜೋಟಿ, ದಿನಾ ಮೋಟರ್‌ಸೈಕಲ್ ಮೇಲೆ ಹೋಗಿ ಬರುತ್ತೇನೆ. ನಮ್ಮದು ಬೀರಪ್ಪನಿಗೆ ನಡೆದುಕೊಳ್ಳುವ ಕುರುಬರ ಮನೆ. ಅಪ್ಪ ರೇವಣಸಿದ್ಧ ವರ್ಷದಲ್ಲಿ ಎಂಟು ತಿಂಗಳು ಕುರಿಗಳ ಹಿಂದೆಯೇ ಇರುತ್ತಾನೆ. ಶೀತಲಳಿಗೆ ಎರಡು ವರ್ಷವಿದ್ದಾಗ, ನನಗೆ ಒಂಬತ್ತಿದ್ದಾಗ, ಅವ್ವ ಕಾಮಾಲೆಯಾಗಿ ತೀರಿಕೊಂಡಳು. ನಮ್ಮಿಬ್ಬರನ್ನೂ ಸಾಕಿದವಳು ಅಪ್ಪನ ತಾಯಿ ಗುರಮ್ಮ. ನಮ್ಮ ಕಡೆ ಅಜ್ಜಿಯನ್ನು ಆಯಿ ಅನ್ನುತ್ತೇವೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಪಾಲಿಗೆ ಎರಡು ಅರ್ಥವೂ ಸರಿಯೇ.

ಆಯಿ ಆಳಂದ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದವಳು. ಬಂದ ದಿನವೇ ಒಂದು ಕಾಯ್ದೆ ಮಾಡಿದಳಂತೆ: ಹೊಸ್ತಿಲ ಹೊರಗೆ ಮರಾಠಿ, ಹೊಸ್ತಿಲ ಒಳಗೆ ಕನ್ನಡ. ಅರವತ್ತು ವರ್ಷ ಅದನ್ನು ಯಾರಿಗೂ ಮುರಿಯಗೊಡಲಿಲ್ಲ. ಶೀತಲಳನ್ನು ಅಪ್ಪ ಮರಾಠಿ ಶಾಲೆಗೆ ಹಾಕಿದಾಗ ಮಾತ್ರ ಆ ಕಾಯ್ದೆಗೆ ಪೆಟ್ಟು ಬಿತ್ತು. ಹುಡುಗಿ ಒಂದನೇ ಇಯತ್ತೆಯಿಂದ ಒಂದೇ ಒಂದು ಶಬ್ದವನ್ನು ಮನೆಗೆ ಹೊತ್ತು ತಂದಳು. ಹಾಲು ಕುಡಿತೀ ಅಂದರೆ "ಹೋ". ರೊಟ್ಟಿ ಬೇಕೇನು ಅಂದರೆ "ಹೋ". ಮರಾಠಿಯಲ್ಲಿ ಹೋ ಎಂದರೆ ಹೌದು. ಅದು ಆಯಿಗೆ ಗೊತ್ತಿರಲಿಲ್ಲ ಅಂತಲ್ಲ, ಸಂತೆಯಲ್ಲಿ ತಾನೂ ಅನ್ನುತ್ತಿದ್ದಳು. ಆದರೆ ಮೊಮ್ಮಗಳ ಬಾಯಿಂದ ಬಂದ ಹೋ ಅಂದರೆ ಹೋಗು ಅಂತಲೇ ಎಂದು ಹಟ ಹಿಡಿದಳು.

"ಹೋ ಅಂದ್ಯಾ? ಆತು ಬಿಡು, ನಾ ಹೊಂಟೆ" ಎಂದು ಕಂಬಳಿ ಹೆಗಲಿಗೇರಿಸಿ ಅಂಗಳ ದಾಟಿ ಹೊರಟೇ ಬಿಡುತ್ತಿದ್ದಳು. ಶೀತಲ ಹಿಂದಿನಿಂದ ಓಡಿ, ಕಂಬಳಿಯ ಸೆರಗು ಹಿಡಿದು ಜಗ್ಗಿ, "ಬಾ ಆಯಿ, ಬಾ ಆಯಿ, ಬಾ ಆಯಿ" ಅನ್ನಬೇಕು. ಮೂರು ಸಲ ಅನ್ನಬೇಕು. ಎರಡಕ್ಕೆ ಆಯಿ ತಿರುಗುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ನಡೆಯುತ್ತಿದ್ದ ಈ ನಾಟಕ ನೋಡಿ ನನಗೆ ತಲೆ ಕೆಡುತ್ತಿತ್ತು.

ಶೀತಲ ಓದಿದಳು, ಎಂಬಿಬಿಎಸ್ ಮುಗಿಸಿದಳು. ಉಮರ್ಗಾದಲ್ಲಿ ಸತ್ಕಾರ ಮಾಡಿದರು. ಹಾರ, ಶಾಲು, ಭಾಷಣ ಎಲ್ಲ ಆಯಿತು. ಭಾಷಣ ಮಾಡಿದವರೊಬ್ಬರು ಅರ್ಧ ಗಂಟೆ ಹೊಗಳಿ ಕೊನೆಗೆ ಅವಳ ಹೆಸರನ್ನೇ ಸಾರಿಕಾ ಅಂದರು. ಆಮೇಲೆ ಉದಗೀರದ ಒಂದು ದೊಡ್ಡ ದವಾಖಾನೆಯಲ್ಲಿ ಮೂರು ವರ್ಷದ ತರಬೇತಿಗೆ ಸೀಟು ಸಿಕ್ಕಿತು. ಅವಳ ಟ್ರಂಕು ಹೊತ್ತು ನಾನೇ ಬಿಟ್ಟು ಬರಲು ಹೋದೆ. ಗೇಟಿನ ಮುಂದೆ ನಿಂತು ದೊಡ್ಡ ಜ್ಞಾನಿಯಂತೆ ಬುದ್ಧಿ ಹೇಳಿದೆ.

"ಮೂರು ವರ್ಷದ ಮಾತು ಶೀತಲಾ. ಹೈರಾಣ ಆಗ್ತೀ, ಖರೇ. ಆದ್ರ ದೊಡ್ಡೋರು ಏನಂದ್ರೂ ಹೋ ಅನ್ನು. ಎದುರಾಡಬ್ಯಾಡ."

"ಹೋ ಅಣ್ಣಾ" ಎಂದು ನಕ್ಕಳು.

ಆ ಬುದ್ಧಿ ಹೇಳಿದ ನಾಲಿಗೆಯನ್ನು ಏನು ಮಾಡಲಿ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಅವಳು ನಾನು ಹೇಳಿದಂತೆಯೇ ನಡೆದಳು. ಜೊತೆಯವನೊಬ್ಬನ ಅಕ್ಕನ ಮದುವೆ ಬಂದರೆ ಅವನ ಪಾಳಿ ಇವಳಿಗೆ. ಇನ್ನೊಬ್ಬಳಿಗೆ ಜ್ವರ ಬಂದರೆ ಅವಳ ವಾರ್ಡು ಇವಳಿಗೆ. ಇವಳಿಗಿಂತ ಎರಡು ವರ್ಷ ಹಿರಿಯನಾದ ಜ್ಞಾನೇಶ್ವರ ಎಂಬ ಡಾಕ್ಟರು ಪಾಳಿ ಹಂಚುತ್ತಿದ್ದ. "ಶೀತಲ, ಏವಢಂ ಕರಶೀಲ ನಾ?" ಅನ್ನುತ್ತಿದ್ದನಂತೆ. ಇಷ್ಟು ಮಾಡ್ತೀಯಲ್ಲ ಅಂತ. "ಹೋ ಸರ್." ಕೇಳುವವನಿಗೆ ಅಭ್ಯಾಸವಾಯಿತು, ಹೇಳುವವಳಿಗೂ ಅಭ್ಯಾಸವಾಯಿತು. ನನಗೆ ಅವನ ಮೇಲೆ ಬೆಂಕಿಯಂಥ ಸಿಟ್ಟಿತ್ತು. ಒಮ್ಮೆ ಅವನನ್ನು ಕಣ್ಣಾರೆ ಕಂಡೆ. ಅವನ ಕಣ್ಣುಗಳೂ ಶೀತಲಳ ಕಣ್ಣಿನಷ್ಟೇ ಕೆಂಪಾಗಿದ್ದವು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ. ಸಿಟ್ಟು ಎಲ್ಲಿ ಇಡಬೇಕೋ ತಿಳಿಯದೆ ಹಾಗೇ ವಾಪಸು ತಂದೆ.

ಅದೇ ದಿನ ಶೀತಲ ನನ್ನ ಜೊತೆ ಚಹಾ ಕುಡಿಯಲು ಹೊರಗೆ ಬಂದಳು. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಯಾರದೋ. ಅರ್ಧ ಕಪ್ಪು ಕುಡಿದು ಕಂಬಕ್ಕೆ ಒರಗಿದವಳು ಕಣ್ಣು ತೆರೆದುಕೊಂಡೇ ನಿದ್ದೆ ಹೋದಳು. ಕಪ್ಪು ವಾಲಿ ಚಹಾ ಕೈಮೇಲೆ ಚೆಲ್ಲಿದಾಗ ಎಚ್ಚರವಾಯಿತು.

"ಅಣ್ಣಾ, ಮುಂಜಾನಿ ಏಳನೇ ಕಾಟಿನ ಮನಷ್ಯಾ ಸತ್ತ. ಹದಿನೈದು ದಿನ ನಾನೇ ನೋಡ್ಕೊಂಡಿದ್ದೆ. ಅಂವನ ಹೆಂಡ್ತಿ ನನ್ನ ಕಾಲ ಹಿಡದು ಅತ್ಳು. ನನಗ ಅಳು ಬರ್ಲಿಲ್ಲ. ಹಸಿವಾಯ್ತು. ನನಗೇನಾಗ್ಯಾದ ಅಣ್ಣಾ?"

"ರೂಢಿ ಆಗ್ತದ ಬಿಡು" ಅಂದೆ. ಬಸ್ಸಿಗೆ ಹೊತ್ತಾಗುತ್ತಿತ್ತು.

ನನಗೆ ಕಾಣದ್ದು ಆಯಿಗೆ ಕಂಡಿತು. ಪಂಚಮಿಗೆ ಶೀತಲ ಅರ್ಧ ದಿನದ ಮಟ್ಟಿಗೆ ಮನೆಗೆ ಬಂದಳು. ಶೇಂಗಾ ಹೋಳಿಗೆ ಅಂದರೆ ಅವಳಿಗೆ ಪ್ರಾಣ. ಎರಡು ತುತ್ತು ತಿಂದು, ಕೈ ತಾಟಿನಲ್ಲಿರುವಾಗಲೇ, ಗೋಡೆಗೆ ತಲೆಯಿಟ್ಟು ಮಲಗಿಬಿಟ್ಟಳು. ಆಯಿ ಎಬ್ಬಿಸಲಿಲ್ಲ. ತಂಬಿಗೆಯ ನೀರು ತಂದು ತಾಟಿನಲ್ಲೇ ಅವಳ ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಮೈಮೇಲೆ ಕಂಬಳಿ ಹೊದಿಸಿದಳು. ಫೋನು ಬಡಿದುಕೊಂಡಿತು. ಆಯಿ ಅದನ್ನು ಎತ್ತಿ ಜೋಳದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು.

ಎದ್ದ ಮೇಲೆ ಶುರುವಾಯಿತು ಪಾಠ. "ನಿಮ್ಮಪ್ಪಗ ಕೇಳು. ರಾತ್ರಿ ಹಟ್ಟಿ ಕಾದಂವಗ ಹಗಲಿ ಯಾರೂ ಕುರಿ ಹೊಡಿ ಅನ್ನಂಗಿಲ್ಲ. ಅಂವಾ ಕೋಲು ನೆಲಕ್ಕ ಅಡ್ಡ ಮಲಗಿಸಿದ ಅಂದ್ರ, ಮಲಗಿದ. ಗೌಡ ಬಂದ್ರೂ ಎಬ್ಸಂಗಿಲ್ಲ. ಯಾಕ? ನಿದ್ದಿಗೆಟ್ಟಂವಾ ಕುರಿ ಎಣಿಸಿದ್ರ ಲೆಕ್ಕ ತಪ್ತದ, ತೋಳ ಬಂದ್ರೂ ನಾಯಿ ಅಂತಾನ. ಕುರಿಗೇ ಇಷ್ಟದ. ನೀವು ಮನಷ್ಯಾರ್ನ ಕಾಯ್ತೀರಿ, ನಿಮಗೊಂದು ಕೋಲು ಬ್ಯಾಡೇನು?"

"ಹಂಗ ಅನ್ಲಾಕ ಬರಲ್ಲ ಆಯಿ. ದೊಡ್ಡೋರು ಅವರು."

"ನಾನೂ ದೊಡ್ಡಾಕಿನೇ. ಮೊದಲ ನನ್ನ ಮ್ಯಾಲ ಕಲಿ. ನನಗ ಒಲ್ಲೆ ಅನ್ನು, ಆಮ್ಯಾಲ ಅವರಿಗಿ ಅನ್ನೂವಂತಿ." ತಾಟು ಮುಂದೆ ತಳ್ಳಿ ಪರೀಕ್ಷೆ ಮಾಡಿದಳು. "ಇನ್ನೊಂದು ಹೋಳಿಗಿ ತಿಂತೀ?"

"ಹೋ" ಅಂದಳು ಶೀತಲ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಆಯಿ ರೂಢಿಯಂತೆ ಕಂಬಳಿಗೆ ಕೈ ಹಾಕಿದಳು, ಏಳಲಾಗಲಿಲ್ಲ. "ಇವತ್ತ ಮೊಣಕಾಲ ನೋಯ್ಲತಾವ. ಮುಂದಿನ ಸಲ ಹೋ ಅಂದ್ರ ಖರೇನೇ ಹೋಗ್ತೀನಿ ನೋಡು" ಅಂದಳು.

ಅದು ಶ್ರಾವಣದ ಮಾತು. ಕಾರ್ತಿಕ ಮುಗಿದ ಮೇಲೆ, ಒಂದು ಬುಧವಾರ, ನಾನು ಶಾಲೆಗೆ ಹೋದ ಮೇಲೆ ಆಯಿ ಯಾರಿಗೂ ಹೇಳದೆ ಉದಗೀರಕ್ಕೆ ಹೊರಟಳು. ಎರಡು ದಿನದಿಂದ ಅವಳ ಎಡಗೈ ಜೋಮು ಹಿಡಿಯುತ್ತಿತ್ತಂತೆ. ಪಕ್ಕದ ಮನೆಯ ಸರುಬಾಯಿ ಎಣ್ಣೆ ತಿಕ್ಕಿ, ಉಮಾಕಾಂತನಿಗೆ ಹೇಳು, ಉಮರ್ಗಾದ ದವಾಖಾನೆಗೆ ಹೋಗು ಎಂದಿದ್ದಳು. "ನನ್ನ ಡಾಕ್ಟರು ಉದಗೀರದಾಗ ಅದಾಳ, ಮಂದಿ ಡಾಕ್ಟರು ನನಗ್ಯಾಕ?" ಎಂದಳಂತೆ ಆಯಿ. ಮುಂಜಾನೆಯೇ ಹೋಳಿಗೆ ಮಾಡಿ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು.

ಉಮರ್ಗಾದಿಂದ ಉದಗೀರಕ್ಕೆ ಹೋಗಲು ನಿಲಂಗಾದಲ್ಲಿ ಬಸ್ಸು ಬದಲಿಸಬೇಕಾಯಿತು. ಅಲ್ಲಿನ ಸ್ಟ್ಯಾಂಡಿನಲ್ಲಿ ಚಹಾ ಮಾರುವ ನಾಗನಾಥ ಎಂಬವನ ಫೋನಿನಿಂದ ಶೀತಲಳಿಗೆ ಮಾತಾಡಿದಳು. ನಂಬರು ಬರೆದ ಚೀಟಿ ಅವಳ ಸಂಚಿಯಲ್ಲಿ ಯಾವಾಗಲೂ ಇರುತ್ತಿತ್ತು. ನಾನು ಆಮೇಲೆ ನಿಲಂಗಾಕ್ಕೆ ಹೋಗಿ ಆ ನಾಗನಾಥನನ್ನು ಹುಡುಕಿ ಕೇಳಿದ್ದೇನೆ. ಅವನಿಗೂ ಕನ್ನಡ ಬರುತ್ತದೆ. ಮುದುಕಿಗೆ ಕಿವಿ ಮಂದ, ಫೋನು ದೊಡ್ಡ ದನಿಗೆ ಇಟ್ಟುಕೊಟ್ಟಿದ್ದೆ, ಎಲ್ಲ ಕೇಳಿಸಿತು ಅಂದ.

ಆಯಿ ಹೇಳಿದ್ದು ಇಷ್ಟೇ: "ಶೀತಲಾ, ನಾ ನಿಲಂಗಾ ತನಕ ಬಂದೀನಿ. ನಿನ್ನ ನೋಡ್ಬೇಕನಸ್ಯಾದ. ಬರ್ಲೇನವ್ವಾ?" ಕೈ ಜೋಮಿನ ಮಾತು ಎತ್ತಲಿಲ್ಲ. ಫೋನಿನಲ್ಲಿ ಹೇಳಿ ಹುಡುಗಿಯನ್ನು ಹೆದರಿಸುವುದೇಕೆ ಅಂದುಕೊಂಡಿರಬೇಕು.

ಆ ಕಡೆ ಶೀತಲ ಮೂವತ್ತಾರು ತಾಸಿನಿಂದ ನಿಂತೇ ಇದ್ದಳು. ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಜ್ಞಾನೇಶ್ವರನ ಮರಾಠಿ. ಎರಡು ದಿನ ಬಾಯಲ್ಲಿ ಕನ್ನಡದ ಒಂದು ಅಕ್ಷರ ಆಡಿರಲಿಲ್ಲ.

"ಹೋ" ಅಂದಳು.

"ಏನಂದಿ?" ಎಂದು ಆಯಿ ಇನ್ನೊಮ್ಮೆ ಕೇಳಿದಳಂತೆ.

"ಹೋ, ಹೋ" ಅಂದು ಫೋನು ಇಟ್ಟಳು.

ಬಾ ಅಂತಲೇ ಅವಳ ಮನಸ್ಸಿನಲ್ಲಿದ್ದದ್ದು. ಗೇಟಿನ ಕಾವಲುಗಾರನಿಗೆ ಹೋಗಿ "ಮಾಝೀ ಆಯೀ ಯೇಣಾರ ಆಹೇ" ಎಂದು ಹೇಳಿಯೂ ಬಂದಳು. ಆಯಿ ಬರುತ್ತಾಳೆ, ಕೂರಿಸಿ ನೀರು ಕೊಡು ಅಂತ. ಅವನು ಪಾಪ, ಯಾವುದೋ ಐವತ್ತು ವರ್ಷದ ತಾಯಿಗಾಗಿ ಸಂಜೆಯವರೆಗೆ ದಾರಿ ಕಾದ.

ನಾನು ಶಾಲೆಯಿಂದ ಬಂದಾಗ ಆಯಿ ಮನೆಯಲ್ಲೇ ಇದ್ದಳು. ಊಟಕ್ಕೆ ಶೇಂಗಾ ಹೋಳಿಗೆ ಬಡಿಸಿದಳು. "ಇವತ್ತೇನು ಹಬ್ಬ ಆಯಿ?" ಅಂದೆ. "ಹಬ್ಬ ಇದ್ರೇ ಮಾಡ್ಬೇಕೇನು?" ಅಂದಳು. ಮುಖದಲ್ಲಿ ಏನೋ ಗುಟ್ಟಿನ ಖುಷಿಯಿತ್ತು. ನಾನು ಕೇಳಲಿಲ್ಲ. ನೂರು ಕಿಲೋಮೀಟರು ತಿರುಗಿ ಬಂದ ಹೋಳಿಗೆಯನ್ನು ನಾಲ್ಕು ತಿಂದು, ತುಪ್ಪ ಸಾಲದು ಎಂದು ಕೊಂಕೂ ತೆಗೆದೆ.

ಮರುದಿನ ಮುಂಜಾನೆ ಶೀತಲಳ ಫೋನು ಬಂತು.

"ಅಣ್ಣಾ, ಆಯಿ ಮನ್ಯಾಗ ಅದಾಳೇನು?"

"ಅದಾಳ. ರೊಟ್ಟಿ ಬಡಿಲತಾಳ."

"ಆರಾಮ ಅದಾಳ?"

"ಆರಾಮ. ಯಾಕ, ಫೋನ್ ಕೊಡ್ಲೇನು?"

ಆಕೆಯ ಹಿಂದೆ ಯಾರೋ "ಶೀತಲ!" ಎಂದು ಕೂಗಿದರು. "ಹೋ ಸರ್, ಆಲೇ" ಅಂದಳು, ಬಂದೆ ಅಂತ. ಫೋನು ಕಟ್ಟಾಯಿತು. ಇದು ನಮಗೆ ರೂಢಿಯಾದದ್ದೇ. ನಾನು ಟಿಫಿನ್ ಡಬ್ಬಿ ತೆಗೆದುಕೊಂಡು ಶಾಲೆಗೆ ಹೋದೆ. ಆಯಿ ಬರಲಿಲ್ಲ, ಮನೆಯಲ್ಲಿ ಆರಾಮ ಇದ್ದಾಳೆ, ಬೇಸರವಾಗಿ ತಿರುಗಿರಬೇಕು, ರವಿವಾರ ಹೋಗಿ ಕಾಲು ಹಿಡಿದರಾಯಿತು ಎಂದು ಶೀತಲ ಅಂದುಕೊಂಡಳಂತೆ. ಆ ರವಿವಾರ ಅವಳಿಗೆ ರಜೆ ಇತ್ತು.

ಶುಕ್ರವಾರ ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಆಯಿ ಕುಸಿದಳು. ಸರುಬಾಯಿ ಕೂಗಿ ಜನ ಸೇರಿಸಿ ಉಮರ್ಗಾಕ್ಕೆ ಸಾಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಶಾಲೆಯಿಂದ ಓಡಿ ಬಂದೆ. ಹೃದಯದ್ದೇ ಇದು, ಮೂರು ನಾಲ್ಕು ದಿನದಿಂದ ಸೂಚನೆ ಇದ್ದಿರಬೇಕಲ್ಲ, ಮನೆಯಲ್ಲಿ ಡಾಕ್ಟರಿದ್ದೂ ಯಾಕೆ ತೋರಿಸಲಿಲ್ಲ ಎಂದು ಅಲ್ಲಿನ ಡಾಕ್ಟರು ಕೇಳಿದರು.

ಶೀತಲ "ಮಾಝೀ ಆಯೀ ಗೇಲೀ" ಎಂದು ಹೇಳಿ ಹೊರಟು ಬಂದಳು. ತಾಯಿ ಹೋದಳು ಎಂದು ತಿಳಿದು ದವಾಖಾನೆಯವರು ಮೂರು ದಿನ ರಜೆ ಕೊಟ್ಟರು. ಅಜ್ಜಿ ಅಂದಿದ್ದರೆ ಒಂದೇ ದಿನವಂತೆ. ಅವಳು ತಿದ್ದಲಿಲ್ಲ. ಉದಗೀರದಿಂದ ನಿಲಂಗಾ, ನಿಲಂಗಾದಿಂದ ಉಮರ್ಗಾ, ಆಯಿ ತಿರುಗಿ ಬಂದ ದಾರಿಯಲ್ಲೇ ಬಂದಳು. ಅಂಗಳದಲ್ಲಿ ಆಯಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದೆವು. ಶೀತಲ ನೋಡುತ್ತ ನಿಂತಳು. ಅಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು:

"ಅಣ್ಣಾ, ಬುಧವಾರ ಆಯಿ ಯಾಕ ಬರ್ಲಿಲ್ಲ?"

ನನಗೆ ತಲೆಬುಡ ತಿಳಿಯಲಿಲ್ಲ. "ಎಲ್ಲಿಗಿ?" ಅಂದೆ. ಸರುಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದಳು.

"ನಿಲಂಗಾ ತನಕ ಬಂದಿದ್ಳಲ್ಲವ್ವಾ. ನೀನೇ ಹೋ ಅಂದ್ಯಂತ. ಹೊಳ್ಳಿ ಬಂದ್ಳು."

ಶೀತಲ ಸರುಬಾಯಿಯ ಕೈ ಹಿಡಿದಳು. "ಸಿಟ್ಟಾಗಿದ್ಳೇನು?" ಎಂದು ಕೇಳಿದಳು.

"ಸಿಟ್ಟೆಲ್ಲಿದು? ನಗ್ಲತಿದ್ಳು. ಬಸ್ಸಿಳದು ಸೀದಾ ನಮ್ಮನಿಗಿ ಬಂದ್ಳು. 'ಸರೂ, ಹುಡುಗಿ ಕಲ್ತಳು. ಒಲ್ಲೆ ಅನ್ಲಾಕ ಕಲ್ತಳು. ನಾ ಹೇಳ್ದಂಗ ಮೊದಲ ನನ್ನ ಮ್ಯಾಲೇ ಕಲ್ತಳು ನೋಡು' ಅಂದ್ಳು. 'ಇನ್ನ ಚಿಂತಿಲ್ಲ, ಆಕಿ ನಿದ್ದಿ ಮಾಡ್ತಾಳ. ಉಮಾಕಾಂತಗ ಹೇಳಬ್ಯಾಡ, ಅಂವಾ ಆಕೀಗಿ ಬೈತಾನ' ಅಂದ್ಳು."

ಶೀತಲ ನೆಲಕ್ಕೆ ಕುಳಿತು ಆಯಿಯ ಕಂಬಳಿಯ ಸೆರಗು ಹಿಡಿದುಕೊಂಡಳು. "ನಾ ಬಾ ಅಂದಿದ್ದೆ ಅಣ್ಣಾ. ನಾ ಬಾ ಅಂತಲೇ ಅಂದಿದ್ದೆ" ಅಂದಳು. ಅಷ್ಟು ತಿಂಗಳು ಎಲ್ಲೋ ಸಿಕ್ಕಿಕೊಂಡಿದ್ದ ಅಳು ಆಗ ಬಂತು. ನಾನು ಹಿರಿಯಣ್ಣ, ಮಾಸ್ತರ, ಸಮಾಧಾನ ಹೇಳಬೇಕಾದವನು. ನನಗೂ ಹುಚ್ಚು ಹಿಡಿದಂತೆ ಅಳು ಬಂತು. ಅವಳಿಗೆ ಹೋ ಅನ್ನಲು ಕಲಿಸಿದವನು ನಾನೇ ಅಲ್ಲವೇ?

ಅಪ್ಪ ಕುರಿ ಬಿಟ್ಟು ಬಂದು ಮುಟ್ಟಿದ ಮೇಲೆ ಹೊಲದಲ್ಲಿ ಮಣ್ಣು ಕೊಟ್ಟೆವು. ನಡೆದದ್ದನ್ನೆಲ್ಲ ಕೇಳಿ ಅಪ್ಪ ಎದ್ದ. ಶೀತಲ ಮಲಗಿದ್ದ ಕೋಣೆಯ ಬಾಗಿಲಿಗೆ ಹೋಗಿ ತನ್ನ ಕೋಲನ್ನು ಹೊಸ್ತಿಲಿಗೆ ಅಡ್ಡ ಮಲಗಿಸಿದ. ಬಂದ ಬೀಗರನ್ನು, ಮಾತಾಡಿಸಲು ಬಂದ ಊರವರನ್ನು, ಯಾರನ್ನೂ ದಾಟಗೊಡಲಿಲ್ಲ.

ಇದಾಗಿ ವರ್ಷದ ಮೇಲಾಯಿತು. ಶೀತಲ ಈಗಲೂ ಅದೇ ದವಾಖಾನೆಯಲ್ಲಿದ್ದಾಳೆ, ತರಬೇತಿಯ ಕೊನೆಯ ವರ್ಷ. ತನ್ನ ಪಾಳಿ ಮುಗಿದರೆ ಹೊರಟು ಬರುತ್ತಾಳೆ. ಕೆಳಗಿನ ಹುಡುಗರು ನಿಂತಲ್ಲೇ ತೂಕಡಿಸಿದರೆ ಬೈದು ಮಲಗಲು ಕಳಿಸುತ್ತಾಳೆ. ಆಕೆಗೆ ಸೊಕ್ಕು ಬಂದಿದೆ ಅನ್ನುವವರೂ ಇದ್ದಾರಂತೆ, ಅನ್ನಲಿ. ಒಂದು ಮಾತ್ರ ಎಲ್ಲರಿಗೂ ವಿಚಿತ್ರ. ಎಷ್ಟೇ ಚೊಕ್ಕ ಮರಾಠಿ ಮಾತಾಡುತ್ತಿದ್ದರೂ ಹೋ ಅನ್ನಬೇಕಾದಲ್ಲಿ ಅವಳು ಹೌದು ಅನ್ನುತ್ತಾಳೆ. ಪೇಶಂಟುಗಳು ನಗುತ್ತಾರೆ.

ನನಗೆ ಮಾತ್ರ ಆಯಿ ಹೋದ ಮೂರನೇ ದಿನದ ಮುಂಜಾನೆ ಕಣ್ಣಿನಿಂದ ಹೋಗುವುದಿಲ್ಲ. ಹಾಲು ತುಪ್ಪ ಬಿಡಲು ಹೊಲಕ್ಕೆ ಹೊರಟಿದ್ದೆವು. ಆಯಿಯ ಕಂಬಳಿಯನ್ನು ಶೀತಲ ಮಡಚಿ ಹೆಗಲಿಗೆ ಹಾಕಿಕೊಂಡಿದ್ದಳು. ಅಂಗಳದಲ್ಲಿ ಅವಳ ಫೋನು ಬಡಿಯಿತು, ಜ್ಞಾನೇಶ್ವರನದು. ಇಬ್ಬರು ಬಂದಿಲ್ಲ, ವಾರ್ಡು ತುಂಬಿದೆ, ಮಧ್ಯಾಹ್ನದೊಳಗೆ ಬರುತ್ತೀಯಲ್ಲ ಎಂದು ಕೇಳುತ್ತಿದ್ದ. "ಯೇಶೀಲ ನಾ?"

ಶೀತಲ ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡಳು. ಆಮೇಲೆ ಮೆತ್ತಗೆ ಹೇಳಿದಳು:

"ನಾಹೀ ಸರ್. ಜಮಣಾರ ನಾಹೀ."

ಇಲ್ಲ ಸರ್, ಆಗುವುದಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅವಳು ಒಬ್ಬರಿಗೆ ಹಾಗೆ ಅಂದದ್ದು ಅದೇ ಮೊದಲು. ಆ ಕಡೆಯವನು "ಬರಂ" ಅಂದ. ಆಯಿತು ಅಂತ. ಅಷ್ಟೇ. ಆಕಾಶ ಬೀಳಲಿಲ್ಲ, ದವಾಖಾನೆ ಮುಚ್ಚಲಿಲ್ಲ. ಇಷ್ಟು ಸುಲಭವಿತ್ತೇ ಇದು ಎಂದು ನನ್ನ ಎದೆ ಒಡೆದುಹೋಯಿತು.

ಶೀತಲ ಫೋನು ಇಟ್ಟು ಸಣ್ಣ ಹುಡುಗಿಯ ಹಾಗೆ ಥಟ್ಟನೆ ಅಡುಗೆ ಮನೆಯ ಕಡೆ ತಿರುಗಿದಳು. ಪಾಸಾದ ಸುದ್ದಿ ಹೇಳಲು ಹೀಗೇ ತಿರುಗುತ್ತಿದ್ದಳು. "ಆಯಿ" ಅಂದಳು. ಆಮೇಲೆ ನೆನಪಾಯಿತು. ಹೆಗಲ ಮೇಲಿನ ಕಂಬಳಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಳದ ಬಾಗಿಲ ಕಡೆ ಮುಖ ಮಾಡಿ ನಿಂತಳು.

"ಬಾ ಆಯಿ" ಅಂದಳು. "ಬಾ ಆಯಿ."

ಮೂರನೆಯದನ್ನು ಅನ್ನಲು ಅವಳಿಂದ ಆಗಲಿಲ್ಲ. ಅದನ್ನು ನಾನು ಅಂದೆ.